ಒಂದೇ ಕಡೆಗೆ ಹರಿದ ಮೂರು ಬುಷ್‌ಗಳು

1998ರಲ್ಲಿ ನಾನು ನಡುವಟ್ಟಂ ಬಳಿಯ ಒಂದು ಟೀ ಎಸ್ಟೇಟಿನಲ್ಲಿ ವಾಹನ ವಿಭಾಗದ ಎಂಜಿನಿಯರ್ ಆಗಿದ್ದೆ. ಮೈಸೂರಿನಲ್ಲಿ ಮೆಕ್ಯಾನಿಕಲ್ ಪದವಿ ಮುಗಿಸಿ, ಎರಡು ಕೆಲಸ ಬಿಟ್ಟು ಬೆಟ್ಟ ಹತ್ತಿದವನು. ಎರಡು ಲಾರಿ, ಮೂರು ಜೀಪು, ಒಂದು ವ್ಯಾನ್ ನನ್ನ ಹೊಣೆಯಲ್ಲಿದ್ದವು. ನನ್ನ ನೆನಪನ್ನು ನಾನು ಪೂರ್ತಿ ನಂಬುವವನಲ್ಲ. ಆಗಿನ ಜಾಬ್ ಕಾರ್ಡುಗಳ ಕಾರ್ಬನ್ ಪ್ರತಿಗಳನ್ನು ಎದುರಿಗಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ವ್ಯಾನ್ ಓಡಿಸುತ್ತಿದ್ದವನು ಬೋಜನ್, ಹತ್ತಿರದ ಬಡಗ ಜನರ ಹಟ್ಟಿಯವನು, ಎಸ್ಟೇಟಿನಲ್ಲಿ ಹದಿನಾಲ್ಕು ವರ್ಷ ಸ್ಟೇರಿಂಗ್ ಹಿಡಿದವನು. ಬೆಳಿಗ್ಗೆ ಮಕ್ಕಳನ್ನು ಗೂಡಲೂರಿನ ಶಾಲೆಗೆ ಬಿಡುವುದು, ಯಾರಿಗಾದರೂ ಕಾಯಿಲೆಯಾದರೆ ಆಸ್ಪತ್ರೆಗೆ ಒಯ್ಯುವುದು ಅವನ ಕೆಲಸ. ಜೂನ್ ತಿಂಗಳಲ್ಲಿ ವ್ಯಾನಿನ ಮುಂದಿನ ಎಡಗಡೆ 'ಡಬ್' ಎಂಬ ಸದ್ದು ಶುರುವಾಯಿತು. ಬ್ರೇಕ್ ಒತ್ತಿದರೆ ಗಾಡಿ ಎಡಕ್ಕೆ ಎಳೆಯುತ್ತಿತ್ತು. ಚಕ್ರವನ್ನು ಚಾಸಿಗೆ, ಅಂದರೆ ಗಾಡಿಯ ಚೌಕಟ್ಟಿಗೆ, ಸೇರಿಸುವ ಕೆಳಗಿನ ಸಸ್ಪೆನ್ಷನ್ ತೋಳಿನ ಬುಷ್ ಹೋಗಿತ್ತು.

ಬುಷ್ ಎಂದರೆ ಒಂದರೊಳಗೊಂದು ಇರುವ ಎರಡು ಕಬ್ಬಿಣದ ಕೊಳವೆ, ನಡುವೆ ಅಂಟಿಸಿದ ರಬ್ಬರ್. ಬೋಲ್ಟ್ ಬಿಗಿದಾಗ ಒಳಗಿನ ಕೊಳವೆ ಚಾಸಿಗೆ ಕಚ್ಚಿಕೊಳ್ಳುತ್ತದೆ. ಚಕ್ರ ಮೇಲೆ ಕೆಳಗೆ ಆಡಿದಂತೆ ಹೊರಗಿನ ಕೊಳವೆ ತೋಳಿನೊಂದಿಗೆ ತುಸು ತಿರುಗುತ್ತದೆ, ರಬ್ಬರ್ ತಿರುಚಿಕೊಂಡು ಮತ್ತೆ ತನ್ನ ಸ್ಥಿತಿಗೆ ಬರುತ್ತದೆ. ಅದಕ್ಕೆ ಎಣ್ಣೆ ಬೇಡ, ಗ್ರೀಸ್ ಬೇಡ. ಸರ್ವಿಸ್ ಮಾಡುವಾಗಲೆಲ್ಲ ಹಾರೆ ಕೊಟ್ಟು ಮೀಟಿ, ಸಡಿಲವಾಗಿದೆಯೇ ಎಂದು ನೋಡಿದರೆ ಸಾಕು.

ವ್ಯಾನಿನ ಜೊತೆಗೇ ಬಂದ ಬುಷ್ ಐದು ವರ್ಷ ಬಾಳಿತ್ತು. ನಾವು ಹಾಕಿದ್ದು ಐದು ವಾರಕ್ಕೆ ಹರಿಯಿತು. ಮಾಲು ನಕಲಿ ಇರಬೇಕೆಂದು ಕೊಯಮತ್ತೂರಿನಿಂದ ಅಸಲಿ ತರಿಸಿದೆ. ಅದು ಆರು ವಾರ ಬಂತು. ಮೂರನೆಯದು ಒಂದು ತಿಂಗಳೂ ನಿಲ್ಲಲಿಲ್ಲ; ಅದನ್ನೂ ಬಿಚ್ಚಿ ನಾಲ್ಕನೆಯದನ್ನು ಹಾಕಿದೆವು.

ಮ್ಯಾನೇಜರ್ ನನ್ನನ್ನು ಕರೆಸಿದರು. "ಬುಷ್ ಸರಿಯಾಗೇ ಇದೆ, ಡ್ರೈವರ್ ಸರಿಯಿಲ್ಲ. ಗುಂಡಿ ನೋಡದೆ ಓಡಿಸ್ತಾನೆ. ಶನಿವಾರದೊಳಗೆ ರಿಪೋರ್ಟ್ ಕೊಡಿ, ಅವನನ್ನ ಎಲೆ ತೂಕದ ಶೆಡ್ಡಿಗೆ ಹಾಕ್ತೀನಿ."

ಆ ದಿನ ಬುಧವಾರ. ಮಾರನೆಯ ಬೆಳಿಗ್ಗೆ ನಾನು ವ್ಯಾನ್ ಹತ್ತಿದೆ. ಬೋಜನ್ ಬಡಗ ಮಾತನ್ನು ನನಗಾಗಿ ಕನ್ನಡದ ಕಡೆಗೆ ಬಾಗಿಸಿ ಆಡುತ್ತಿದ್ದ.

"ನೋಡೋಕೆ ಬಂದಿರಾ ಸಾರ್, ಹಿಡಿಯೋಕೆ ಬಂದಿರಾ?"

"ನೋಡೋಕೆ."

"ಹಂಗಾದ್ರೆ ರೋಡು ನೋಡಬೇಡಿ, ಎನ್ನ ಕಾಲು ನೋಡಿ."

ಗುಂಡಿ ಬಂದಲ್ಲೆಲ್ಲ ಅವನ ಕಾಲು ಮೊದಲೇ ಆಕ್ಸಿಲರೇಟರ್ ಬಿಟ್ಟಿರುತ್ತಿತ್ತು. "ಹೋದ ವಾರ ಒಬ್ಬ ಬಸುರಿಯನ್ನ ಗೂಡಲೂರಿಗೆ ಇಳಿಸಿದೆ. ದಾರಿ ಪೂರಾ ನಿದ್ದೆ ಮಾಡಿದಳು. ಎನ್ನದು ಒರಟು ಕೈಯಾ ಅಂತ ಅವಳನ್ನ ಕೇಳಿ ಬರೀರಿ," ಎಂದ.

ಆದರೂ ನನ್ನ ಅನುಮಾನ ಹೋಗಲಿಲ್ಲ. ಎಂಜಿನಿಯರ್ ಪಕ್ಕದಲ್ಲಿ ಕೂತಾಗ ಯಾರು ತಾನೇ ಚೆನ್ನಾಗಿ ಓಡಿಸುವುದಿಲ್ಲ?

ರಿಪೇರಿ ಶೆಡ್ಡಿಗೆ ಮರಳಿ, ಬಿಚ್ಚಿಟ್ಟಿದ್ದ ಮೂರೂ ಬುಷ್‌ಗಳನ್ನು ಬೆಂಚಿನ ಮೇಲೆ ಸಾಲಾಗಿ ಇಟ್ಟೆವು. ನಾವು ಎಂದರೆ ನಾನು ಮತ್ತು ಹೆಡ್ ಮೆಕ್ಯಾನಿಕ್ ವರ್ಗೀಸ್. ಗೂಡಲೂರು ಕಡೆಯ ಮಲಯಾಳಿ, ನನಗಿಂತ ಹಿರಿಯ; ಎಲ್ಲರೂ ಅವನನ್ನು ಚೇಟ್ಟ, ಅಂದರೆ ಅಣ್ಣ, ಎನ್ನುತ್ತಿದ್ದೆವು. ಗುಂಡಿಯ ಏಟಿಗೆ ಹೋದ ರಬ್ಬರ್ ಒಂದು ಕಡೆ ಜಜ್ಜಿಹೋಗಿರಬೇಕು. ಇಲ್ಲಿ ಜಜ್ಜಿದ ಗುರುತೇ ಇರಲಿಲ್ಲ. ರಬ್ಬರ್ ಒಳಕೊಳವೆಯ ಸುತ್ತಲೂ ಕಿತ್ತು ಬಂದಿತ್ತು. ಮೂರರಲ್ಲೂ ಹರಿದ ಎಳೆಗಳು ಒಂದೇ ಕಡೆಗೆ ಬಾಗಿದ್ದವು. ಯಾರೋ ಹಿಡಿದು ತಿರುಚಿದ ಹಾಗೆ.

ನಮ್ಮ ಶೆಡ್ ಇದ್ದದ್ದು ಇಳಿಜಾರಿನಲ್ಲಿ. ನಾನು ಸೇರಿದ ಹೊಸತರಲ್ಲಿ ಅಲ್ಲಿ ಜಾಕಿ ಜಾರಿ ಜೀಪೊಂದು ಒಂದಡಿ ಸರಿದಿತ್ತು. ಆಗ ನಾನೇ ಒಂದು ನಿಯಮ ಮಾಡಿ, ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದ್ದೆ: ಜಾಕಿ ಇಳಿಸುವ ಮೊದಲು ಎಲ್ಲ ಬೋಲ್ಟ್ ಪೂರ್ತಿ ಬಿಗಿಯಬೇಕು. ಹಾಗೆ ಬಿಗಿಯುವಾಗ ಚಕ್ರ ಗಾಳಿಯಲ್ಲಿ ತೂಗುತ್ತಿರುತ್ತದೆ, ತೋಳು ಕೆಳಗೆ ಇಳಿಬಿದ್ದಿರುತ್ತದೆ. ಜಾಕಿ ತೆಗೆದೊಡನೆ ಗಾಡಿಯ ಭಾರಕ್ಕೆ ತೋಳು ಮೇಲೇರುತ್ತದೆ, ರಬ್ಬರ್ ಆಗಲೇ ತಿರುಚಿಕೊಳ್ಳುತ್ತದೆ. ಗಾಡಿ ನಿಂತಿದ್ದರೂ ಅದಕ್ಕೆ ಬಿಡುವಿಲ್ಲ. ಮೂರೂ ಬುಷ್‌ಗಳನ್ನು ನಾವು ಹೀಗೆಯೇ ಬಿಗಿದಿದ್ದೆವು.

ವರ್ಗೀಸ್ ಗೋಡೆ ನೋಡಿದ, ನನ್ನನ್ನೂ ನೋಡಿದ. "ಗೋಡೆ ಮೇಲೆ ಬರೆದ ಆ ಎಳುತ್ತು ಬುಷ್ ಓದಿಲ್ಲ ಸಾರೆ. ನಾವು ಓದಿದ್ವಿ."

"ನಿನಗೆ ಮೊದಲೇ ಗೊತ್ತಿತ್ತಾ ಚೇಟ್ಟಾ?"

"ಸ್ವಲ್ಪ ಸಂಶಯ ಇತ್ತು. ಕಾಲೇಜು ಓದಿದವರ ರೂಲು, ನಾನು ಯಾರು ಮಾತಾಡೋಕೆ?"

ಶುಕ್ರವಾರ ವ್ಯಾನನ್ನು ಫ್ಯಾಕ್ಟರಿ ಮುಂದಿನ ಕಾಂಕ್ರೀಟ್ ಅಂಗಳಕ್ಕೆ ಒಯ್ದೆವು. ಎಸ್ಟೇಟಿನಲ್ಲಿ ಸಮತಟ್ಟಾದ ಜಾಗ ಅದೊಂದೇ. ಚಕ್ರಗಳಿಗೆ ಅಡೆಕಲ್ಲು ಕೊಟ್ಟು, ಆ ನಾಲ್ಕನೆಯದನ್ನು ತೆಗೆದು ಹೊಸ ಬುಷ್ ಕೂರಿಸಿ, ನಟ್ಟನ್ನು ತುಸುವೇ ಹಿಡಿಸಿ ಜಾಕಿ ಇಳಿಸಿದೆವು. ಬಾನೆಟ್ ಹಿಡಿದು ನಾಲ್ಕು ಸಲ ಕುಲುಕಿದೆವು. ಗಾಡಿ ತನ್ನ ಮಟ್ಟಕ್ಕೆ ನಿಂತ ಮೇಲೆ ವರ್ಗೀಸ್ ಗೋಣಿ ಹಾಸಿ ಅಡಿಗೆ ನುಸುಳಿ, ಬಿಗಿತ ಅಳೆಯುವ ಟಾರ್ಕ್ ವ್ರೆಂಚಿನಿಂದ ಬಿಗಿದ.

ರಿಪೋರ್ಟಿನ ಪ್ರತಿ ನನ್ನಲ್ಲಿದೆ. "ಚಾಲಕನ ತಪ್ಪಿಲ್ಲ. ತಪ್ಪು ಜೋಡಿಸುವ ವಿಧಾನದ್ದು. ಆ ನಿಯಮವನ್ನು ಮಾಡಿದವನು ನಾನು." ಅದನ್ನು ಓದಿದ ಮ್ಯಾನೇಜರ್ ಕನ್ನಡಕ ತೆಗೆದರು. "ಕೊನೆಯ ಸಾಲು ಬೇಕಾ? ಅದಿಲ್ಲದೆಯೂ ಕೆಲಸ ಆಗುತ್ತೆ."

"ಅದಿಲ್ಲದಿದ್ದರೆ ಮುಂದಿನ ಎಂಜಿನಿಯರ್ ಮತ್ತೆ ಗೋಡೆ ನೋಡಿಯೇ ಬಿಗಿಯುತ್ತಾನೆ ಸಾರ್," ಎಂದೆ. ಅವರು ಸಹಿ ಹಾಕಿದರು. ಸೋಮವಾರ ಮಕ್ಕಳನ್ನು ಕೂರಿಸಿಕೊಂಡು ಬೋಜನೇ ವ್ಯಾನ್ ತೆಗೆದ. ಶೆಡ್ಡಿನ ಮುಂದೆ ನಿಧಾನಿಸಿ, "ಸಾರ್, ಇದು ನಿಂಗ ಬಿಗಿದದ್ದಾ, ಚೇಟ್ಟ ಬಿಗಿದದ್ದಾ?" ಎಂದು ಕೇಳಿದ. ಚೇಟ್ಟ ಎಂದೆ. "ಹಂಗಾದ್ರೆ ಸರಿ," ಎಂದು ಗೇರ್ ಹಾಕಿದ. ಆ ಬುಷ್ ಮೂರು ವರ್ಷ ಬಂತು.

ಎಳೆಗಳು ಒಂದೇ ಕಡೆಗೆ ಬಾಗಿದ್ದನ್ನು ಮೊದಲು ಕಂಡವನು ನಾನೆಂದು ಬಹಳ ವರ್ಷ ಹೇಳಿಕೊಂಡು ಬಂದೆ. ಈಚೆಗೆ ಸಿಕ್ಕ ವರ್ಗೀಸ್, ತೋರಿಸಿದ್ದು ತಾನು ಎಂದ. ಅವನು ಹೇಳುವುದೇ ನಿಜವಿರಬಹುದು. ನನಗೆ ಇಂದಿಗೂ ಹೆಮ್ಮೆಯಿರುವುದು ಆ ಕೊನೆಯ ಸಾಲಿನ ಬಗ್ಗೆ. ಅದಾದ ಮೇಲೆ ಮೂವತ್ತಕ್ಕೂ ಹೆಚ್ಚು ತನಿಖೆ ಮಾಡಿದ್ದೇನೆ. ಕೆಟ್ಟ ಭಾಗವನ್ನು ಬೆಂಚಿನ ಮೇಲಿಟ್ಟು, ಅದನ್ನು ಜೋಡಿಸಿದ ಕೈ ನಮ್ಮದೇ ಅಲ್ಲವೇ ಎಂದು ಕೇಳಿಕೊಳ್ಳದೆ ಯಾವ ಚಾಲಕನ ಹೆಸರನ್ನೂ ಬರೆದಿಲ್ಲ.