ದಿನಕ್ಕೆ ಮೂರು ಚರ್ಚು, ಎರಡು ಪಬ್ಬು

ರಜೆ ಎಂಬುದು ನನಗೆ ಆಗಿಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ನಿಮಗೂ ಸುಲಭ, ನನಗೂ ಸುಲಭ. ಡೌನರ್ಸ್ ಗ್ರೋವ್‌ನಿಂದ ಶಿಕಾಗೋವರೆಗೆ ರೈಲಿನಲ್ಲಿ ಕುಳಿತು ಹೋಗಿ, ಆಫೀಸಿನಲ್ಲಿ ಕುಳಿತು, ಮತ್ತೆ ಕುಳಿತೇ ಮನೆಗೆ ಬರುವ ಜೀವ ನನ್ನದು. ಅಂಥವನನ್ನು ಇಂಗ್ಲೆಂಡಿನ ಒಂದು ಹಳ್ಳಿಗೆ ಕರೆದೊಯ್ದು ದಿನಕ್ಕೆ ಮೂರು ಚರ್ಚು, ಎರಡು ಪಬ್ಬು, ಮಧ್ಯೆ ಒಂದು ಪಾಳು ಕೋಟೆ ತೋರಿಸಿದರೆ ಏನಾಗಬೇಕೋ ಅದೇ ಆಯಿತು. ಸುಸ್ತಾಯಿತು. ವಾಪಸು ಬಂದು ಎರಡು ವಾರವಾದರೂ ಮಂಡಿ ಇನ್ನೂ ನನ್ನ ಮಾತು ಕೇಳುತ್ತಿಲ್ಲ.

ಕಾರಣ, ನಮ್ಮ ಮಗಳು ಅನಘಾ. ಆನ್ ಆರ್ಬರ್‌ನ ಯೂನಿವರ್ಸಿಟಿಯಲ್ಲಿ ಓದುತ್ತಾಳೆ. ಹಾಗೆಂದ ಕೂಡಲೇ ಇಲ್ಲಿನ ಕನ್ನಡದವರು "ಓಹೋ, ಡಾಕ್ಟ್ರಾ!" ಎನ್ನುತ್ತಾರೆ. ಅಲ್ಲಿ ದೊಡ್ಡ ಆಸ್ಪತ್ರೆ ಇದೆಯಲ್ಲ. ನಾನು ಹೌದೆನ್ನುವುದೂ ಇಲ್ಲ, ಅಲ್ಲವೆನ್ನುವುದೂ ಇಲ್ಲ. ಹೆಹ್ಹೆ ಎಂದು ಮಾತು ಬದಲಿಸುತ್ತೇನೆ. ಶಿಕಾಗೋದ ಡೆವನ್ ಅವೆನ್ಯೂವಿನ ಇಂಡಿಯನ್ ಅಂಗಡಿಯಲ್ಲಿ ಒಬ್ಬರು ನುಗ್ಗೆಕಾಯಿ ಆರಿಸುತ್ತಾ ತಮ್ಮ ಥೈರಾಯ್ಡ್ ರಿಪೋರ್ಟನ್ನು ಅವಳಿಗೆ ಕಳಿಸಲೇ ಎಂದು ಕೇಳಿದಾಗಲೂ ಹೆಹ್ಹೆಯೇ. ನಿಜವೇನೆಂದರೆ, ಎರಡು ವರ್ಷದ ಹಿಂದೆ ಅವಳು ಡಾಕ್ಟರಾಗುವ ದಾರಿ ಬಿಟ್ಟು ಹಳೆಯ ಕಟ್ಟಡಗಳ ಇತಿಹಾಸ ಹಿಡಿದಳು. ಫೋನಿನಲ್ಲಿ ಹೇಳಿದಾಗ ನಾನು "ನಿನ್ನಿಷ್ಟ" ಅಂದೆ. ಕನ್ನಡದ ಅಪ್ಪ ಆ ದನಿಯಲ್ಲಿ "ನಿನ್ನಿಷ್ಟ" ಅಂದರೆ ಏನೆಂದು ನಿಮಗೆ ಗೊತ್ತು. ಅಮೆರಿಕದಲ್ಲೇ ಹುಟ್ಟಿದ ಅವಳಿಗೂ ಗೊತ್ತಾಯಿತು. ಅಂದಿನಿಂದ ನಮ್ಮಿಬ್ಬರ ನಡುವೆ ಹವಾಮಾನದ ಮಾತು ಮಾತ್ರ. ಅಲ್ಲೆಷ್ಟು ಡಿಗ್ರಿ, ಇಲ್ಲೆಷ್ಟು ಡಿಗ್ರಿ.

ಈ ಬೇಸಿಗೆಯಲ್ಲಿ ಅವಳಿಗೆ ಆ ಹಳ್ಳಿಯ ಸುತ್ತಮುತ್ತಲ ಚರ್ಚುಗಳಲ್ಲಿ ಕೆಲಸ. ಅಲ್ಲಿ ಸತ್ತವರನ್ನು ಚರ್ಚಿನೊಳಗೇ ಹೂಳಿ, ಮೇಲೆ ಹೆಸರು ಕೊರೆದ ಚಪ್ಪಡಿ ಹಾಸುತ್ತಿದ್ದರಂತೆ. ಜನ ಓಡಾಡಿ ಸವೆದ ಆ ಹೆಸರುಗಳನ್ನು ಓದಿ ಬರೆದಿಡುವುದು ಇವಳ ಪಾಲಿನದು. ನೀವೂ ಬನ್ನಿ ಎಂದು ಕರೆದಳು. ವಿಮಾನದಲ್ಲಿ ನನ್ನ ಹೆಂಡತಿ ವಸುಧಾ ಬೆಲ್ಟ್ ಬಿಗಿಯುತ್ತಾ, "ನೋಡ್ರೀ, ಅವಳ ಹತ್ರ ಒಂದು ಒಳ್ಳೇ ಮಾತಾಡಿ. ಒಂದೇ ಒಂದು. ಎರಡು ವರ್ಷದಿಂದ ಕಾಯ್ತಿದೆ ಮಗು," ಎಂದಳು.

ಆಡೋಣವೆಂದೇ ಇದ್ದೆ. ಆದರೆ ಪುರುಸೊತ್ತು ಬೇಕಲ್ಲ! ಕೋಟೆ ಎಂದರೆ ಒಂದೂವರೆ ಗೋಡೆ. ನೋಡಲು ಎರಡು ನಿಮಿಷ, ಅದರ ಮುಂದೆ ನೆಟ್ಟ ಬೋರ್ಡು ಓದಲು ಇಪ್ಪತ್ತು. ಚರ್ಚಿನ ಎದುರಿಗೆ ತಪ್ಪದೆ ಒಂದು ಪಬ್ಬು. ಚರ್ಚು ಕಟ್ಟಲು ಬಂದ ಕಲ್ಲುಕುಟಿಗರಿಗೆ ಅನ್ನ, ನಿದ್ದೆ, ಬಿಯರು ಬೇಕಿತ್ತು, ಅದಕ್ಕೇ ಎಷ್ಟೋ ಕಡೆ ಪಬ್ಬು ಹುಟ್ಟಿತು ಎನ್ನುತ್ತಾರೆಂದು ಅನಘಾ ವಿವರಿಸಿದಳು. ನಮ್ಮಲ್ಲೂ ದೇವಸ್ಥಾನದ ಎದುರಿಗೆ ಕಾಫಿ ಹೋಟೆಲ್ ಇಲ್ಲವೇ, ಭಕ್ತಿಗೆ ಎಲ್ಲೆಡೆಯೂ ಹಸಿವು ಜಾಸ್ತಿ. ಬಿಯರು ಕುಡಿಯದ ನಾನು ಕುಳಿತುಕೊಳ್ಳಲು ಬೆಂಚು ಸಿಕ್ಕಿತೆಂದೇ ಪಬ್ಬಿಗೆ ಹೋಗುತ್ತಿದ್ದೆ. ವಸುಧಾ ಪರ್ಸಿನಿಂದ ಚಟ್ನಿಪುಡಿಯ ಡಬ್ಬಿ ತೆಗೆದು ಆಲೂಗಡ್ಡೆಯ ಚಿಪ್ಸಿನ ಮೇಲೆ ಉದುರಿಸುತ್ತಿದ್ದಳು. ಮಗಳು ಎದುರಿಗೇ ಇರುತ್ತಿದ್ದಳು. ಒಳ್ಳೆಯ ಮಾತು ಗಂಟಲವರೆಗೂ ಬರುತ್ತಿತ್ತು. ಹೊರಗೆ ಬೀಳುವಾಗ "ಇವತ್ತು ಸ್ವಲ್ಪ ಚಳಿ ಅಲ್ವಾ" ಆಗಿರುತ್ತಿತ್ತು.

ಐದನೆಯ ದಿನ, ಲೆಕ್ಕ ತಪ್ಪಿಹೋದ ಯಾವುದೋ ಚರ್ಚು. ಬಾಗಿಲಲ್ಲಿ ಅಭ್ಯಾಸಬಲದಿಂದ ಶೂ, ಸಾಕ್ಸ್ ಎರಡನ್ನೂ ಬಿಚ್ಚಿ ಒಳಗೆ ಹೋದೆ. ಅರ್ಧ ಪ್ರದಕ್ಷಿಣೆಯೂ ಆಗಿತ್ತು, ಆಮೇಲೆ ಗೊತ್ತಾಯಿತು, ನಿಂತಿರುವುದು ಯಾರದೋ ಹೆಸರಿನ ಮೇಲೆ. ಅಯ್ಯೋ ಶಿವನೇ! ಕಾಗದಕ್ಕೆ ಕಾಲು ತಗುಲಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜಾತಿ ನಮ್ಮದು. ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಪಕ್ಕಕ್ಕೆ ಹಾರಿದೆ, ಅಲ್ಲೊಬ್ಬರು. ಇನ್ನೊಂದು ಪಕ್ಕಕ್ಕೆ ಹಾರಿದರೆ ಅಲ್ಲಿ ಗಂಡ ಹೆಂಡತಿ ಇಬ್ಬರೂ. ಎಷ್ಟು ಜನಕ್ಕೆಂದು ಬಗ್ಗಲಿ? ಆಗ ನಮ್ಮ ಕಡೆಯ ಗುಡಿಗಳು ನೆನಪಾದವು. ಭಕ್ತರ ಪಾದ ತಾಗಲೆಂದೇ ಹೊಸ್ತಿಲ ಬಳಿ ತಮ್ಮ ಅಡ್ಡಬಿದ್ದ ರೂಪವನ್ನು ಕೆತ್ತಿಸಿಕೊಂಡ ಪುಣ್ಯಾತ್ಮರು ಅಲ್ಲೂ ಇದ್ದಾರೆ. ಸರಿ, ಇವರೂ ಅಂಥವರೇ ಇರಬಹುದೆಂದು ಧೈರ್ಯ ತಂದುಕೊಂಡು ಮೆಲ್ಲಗೆ ನಡೆದೆ.

ಮೂಲೆಯ ಬೋಳು ಚಪ್ಪಡಿಯೊಂದರ ಮೇಲೆ ಕಾಲಿಟ್ಟಾಗ ಹೆಬ್ಬೆರಳಿಗೆ ಏನೋ ಗೀರು ಸಿಕ್ಕಿತು.

"ಅನೂ, ಇಲ್ಲೇನೋ ಕೊರೆದಿದಾರೆ ನೋಡೇ."

"ದಟ್ ಒನ್ ಈಸ್ ಬ್ಲಾಂಕ್, ಅಪ್ಪಾ. ಐ ಚೆಕ್ಡ್ ಟ್ವೈಸ್."

"ಕಣ್ಣಿಗೆ ಬ್ಲಾಂಕು. ಕಾಲಿಗೆ ಗೊತ್ತಾಗ್ತಿದೆ."

ಅವಳು ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ, ಟಾರ್ಚನ್ನು ಓರೆಯಾಗಿ ಹಿಡಿದಳು. ನೆರಳಿನಲ್ಲಿ ಅಕ್ಷರಗಳು ಒಂದೊಂದಾಗಿ ಎದ್ದವು. ಮೇರಿ. ಕೆಳಗೆ, ಇಂಥವನ ಮಗಳು. ಆ ಇಂಥವನ ಹೆಸರು ಪೂರ್ತಿ ಸವೆದುಹೋಗಿತ್ತು. ಅದರ ಕೆಳಗೆ ವಯಸ್ಸು, ನಾಲ್ಕು. ಅನಘಾ ಬರೆದುಕೊಳ್ಳುತ್ತಿದ್ದಳು. ನಾಲ್ಕು ವರ್ಷದ ಆ ಮಗು ಎಷ್ಟೋ ಕಾಲದ ಮೇಲೆ ಮತ್ತೆ ಒಬ್ಬರ ಪುಸ್ತಕದಲ್ಲಿ ಬಂದು ಕುಳಿತಿತು, ನನ್ನ ಮಗಳ ಅಕ್ಷರದಲ್ಲಿ. ಯಾವನೋ ಒಬ್ಬ ಅಪ್ಪ ತನ್ನ ಮಗಳ ಹೆಸರನ್ನು ಇಡೀ ಊರು ನೋಡಲೆಂದು ಕಲ್ಲಿನಲ್ಲಿ ಕೊರೆಸಿದ್ದ. ನಾನೋ, ಜೀವಂತ ಇರುವ ಮಗಳ ಕೆಲಸದ ಹೆಸರು ಹೇಳಲು ನುಗ್ಗೆಕಾಯಿ ರಾಶಿಯ ಮುಂದೆ ತಡವರಿಸಿದವನು. ನಾಚಿಕೆಯಾಯಿತು. ಕಣ್ಣು ತುಂಬಿತು. ನೆಲ ತಣ್ಣಗಿದೆ ಎಂದು ಗೊಣಗಿ ಶೂ ಹುಡುಕಲು ಹೊರಗೆ ಬಂದೆ.

ಸಂಜೆ ಎದುರಿನ ಪಬ್ಬಿನಲ್ಲಿ ಕುಳಿತೆವು. ಈಗ ಹೇಳಿಬಿಡಬೇಕು ಎಂದುಕೊಂಡೆ. ಚೆನ್ನಾಗಿದೆ ಕಣೇ ನಿನ್ನ ಕೆಲಸ, ನನಗೆ ಹೆಮ್ಮೆ. ಮನಸ್ಸಿನಲ್ಲಿ ಮೂರು ಸಲ ಹೇಳಿ ನೋಡಿದೆ, ಚೆನ್ನಾಗಿಯೇ ಕೇಳಿಸಿತು. ಅಷ್ಟರಲ್ಲಿ ಅವಳೇ ನನ್ನ ಮುಖ ನೋಡಿ, "ಅಪ್ಪಾ, ಯು ಲುಕ್ ಸೋ ಟೈರ್ಡ್. ನಾಳೆ ನೀನು ರೆಸ್ಟ್ ಮಾಡು, ಐ ವಿಲ್ ಗೋ ಅಲೋನ್," ಎಂದಳು. ಐದು ದಿನದಿಂದ ನಾನು ಯಾವ ಮಾತಿಗೆ ಬಾಯಿ ಬಿಟ್ಟುಕೊಂಡು ಕಾದಿದ್ದೆನೋ ಅದೇ ಮಾತು.

"ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡೋದು?" ಎಂದೆ.

ವಸುಧಾ ತಲೆಯೆತ್ತಿದಳು. ಅನಘಾ ನನ್ನ ಕಡೆ ತಿರುಗಿದಳು. ಒಳ್ಳೆಯ ಮಾತು ಆಡಿಯಾಯಿತೆಂದು ನಮ್ಮ ಮೂವರಿಗೂ ಗೊತ್ತಾಯಿತು. ನಮ್ಮ ಕಾಲದ ಅಪ್ಪಂದಿರ ಹೊಗಳಿಕೆ ಇದಕ್ಕಿಂತ ಉದ್ದ ಇರುವುದಿಲ್ಲ.

"ಏಯ್ಟ್," ಎಂದಳು, ಮೂಗು ಒರೆಸಿಕೊಳ್ಳುತ್ತಾ.

"ಎಂಟೂವರೆ ಮಾಡೇ," ಎಂದೆ. "ನಿಮ್ಮಪ್ಪನಿಗೆ ವಯಸ್ಸಾಯ್ತು."