ಬೇರೆ ಕೇಂದ್ರಕ್ಕೆ ಹೋದ ಹನ್ನೊಂದು ಜನ

ನಮ್ಮ ಎಚ್‌ಐವಿ ಚಿಕಿತ್ಸಾ ಕೇಂದ್ರದಲ್ಲಿ ಅವಳನ್ನು ಎಲ್ಲರೂ 'ಹೆಚ್ಚುಕಮ್ಮಿ ಅಕ್ಕ' ಎನ್ನುತ್ತಿದ್ದರು. ಆ ಹೆಸರಿಟ್ಟ ಪುಣ್ಯಾತ್ಮ ನಾನೇ. ನಾನು ಮಾತ್ರೆ ಕೊಡುವವನು, ಅವಳು ರೋಗಿಗಳ ವಿವರವನ್ನು ಕಂಪ್ಯೂಟರಿಗೆ ತುಂಬುವವಳು; ನಡುವೆ ಒಂದು ಗಾಜಿನ ಕಿಟಕಿ, ಹನ್ನೊಂದು ವರ್ಷದ ಜಗಳ. "ಇವತ್ತು ಹೆಚ್ಚುಕಮ್ಮಿ ಮೂವತ್ತು ಜನ ಬಂದಿದ್ರು" ಎಂದು ಬಾಯಿ ತಪ್ಪಿ ಅಂದರೆ ಸಾಕು, ಕನ್ನಡಕ ಹಣೆಗೇರಿಸಿ ನನ್ನ ಮೇಲೆ ಬೀಳುತ್ತಿದ್ದಳು. "ಹೆಚ್ಚಾ? ಕಮ್ಮಿನಾ? ಹಿಡಿಯಲ್ಲಿ ಅಳೆಯೋಕೆ ಅವರೇನು ಕಾಳಾ?"

ಅವಳ ಅಣ್ಣ ಇದೇ ಕಾಯಿಲೆಯಲ್ಲಿ ಸತ್ತಿದ್ದ, ಮಾತ್ರೆಗಳು ಬರುವುದಕ್ಕೆ ಎರಡು ವರ್ಷ ಮೊದಲು. ಆಸ್ಪತ್ರೆಯವರು ಕಾಗದದಲ್ಲಿ ಜ್ವರ ಎಂದು ಬರೆದು ಕೈತೊಳೆದುಕೊಂಡರು. ಆ ಒಂದು ಪದದ ಮೇಲಿನ ಸಿಟ್ಟಿಗೇ ಅವಳು ಟೈಪಿಂಗ್ ಕಲಿತಳು ಎಂದು ನನ್ನ ಲೆಕ್ಕ. ಆಮೇಲೆ ಯಾವುದೋ ದೂರದೇಶದ ನೆರವು ಬಂತು. ಮಾತ್ರೆ ಅವರದು, ಕಂಪ್ಯೂಟರ್ ಅವರದು, ಅವಳ ಸಂಬಳವೂ ಅವರದೇ. ಅವಳ ಕುರ್ಚಿಯ ಬೆನ್ನಿಗೂ ಅವರ ಸ್ಟಿಕ್ಕರ್ ಇತ್ತು.

ಬೆಳಿಗ್ಗೆ ಬಂದ ಕೂಡಲೇ, ಗೊತ್ತುಪಡಿಸಿದ ದಿನಕ್ಕೆ ಮಾತ್ರೆ ಒಯ್ಯದವರ ಪಟ್ಟಿ ತೆಗೆದು ಒಬ್ಬೊಬ್ಬರಿಗೂ ಫೋನ್ ಮಾಡುತ್ತಿದ್ದಳು. ಎತ್ತಿದವರು ಯಾರೋ ಏನೋ, ಗುಟ್ಟು ಹೊರಬೀಳಬಾರದಲ್ಲ. "ನಾನು ಚಿಕ್ಕಮ್ಮ ಕಣೋ ಮಾತಾಡ್ತಿರೋದು, ಮನೆ ಕಡೆ ತಲೆನೇ ಹಾಕಿಲ್ವಲ್ಲ!" ಎನ್ನುತ್ತಿದ್ದಳು. ಮದುವೆಯಾಗದೆ ಉಳಿದ ಹೆಂಗಸು ಹೀಗೆ ನಾನೂರು ಜನಕ್ಕೆ ಚಿಕ್ಕಮ್ಮನಾಗಿದ್ದಳು.

ಅಷ್ಟು ಕಟ್ಟುನಿಟ್ಟಿನವಳು ಒಂದೇ ಒಂದು ಸುಳ್ಳು ಬರೆಯುತ್ತಿದ್ದಳು. ಇಪ್ಪತ್ತೆಂಟು ದಿನ ತಡವಾದವರನ್ನು 'ಕೈತಪ್ಪಿದವರು' ಎಂದು ನಮೂದಿಸಬೇಕು. ಅಂಥವರು ಜಾಸ್ತಿಯಾದರೆ ದೂರದೇಶದವರ ನಕ್ಷೆಯಲ್ಲಿ ನಮ್ಮ ಕೇಂದ್ರ ಕೆಂಪಾಗುತ್ತದೆ. ಅದಕ್ಕೆ ಮೂರು ತಿಂಗಳಿಗೊಮ್ಮೆ, ವರದಿ ಕಳಿಸುವ ವಾರ, ಅವರನ್ನೆಲ್ಲ 'ಬೇರೆ ಕೇಂದ್ರಕ್ಕೆ ಹೋದವರು' ಎಂದು ಬದಲಾಯಿಸುವುದು. ಅವರು ವಾಪಸ್ ಬಂದಾಗ ಒಂದು ಗುಂಡಿ ಒತ್ತಿದರೆ ಮತ್ತೆ ನಮ್ಮವರು. ಮೊದಮೊದಲು ಅವಳು ಮೇಲ್ವಿಚಾರಕರ ಜೊತೆ ಕಿತ್ತಾಡಿದ್ದಳು.

"ಹೋಗದೇ ಇರೋರನ್ನ ಹೋದ್ರು ಅಂತ ಹೆಂಗ್ರೀ ಬರೀಲಿ?"

"ನಕ್ಷೆ ಕೆಂಪಾದ್ರೆ ನಿಮ್ಮ ಕೆಲ್ಸ, ನನ್ನ ಕೆಲ್ಸ, ರೋಗಿಗಳ ಮಾತ್ರೆ, ಎಲ್ಲಾ ಗೋವಿಂದ. ಬರೀರಮ್ಮ ಸುಮ್ನೆ."

ಅವಳು ಬರೆಯುತ್ತಿದ್ದಳು, ಕೆಳಗೆ ನಾನು ಎರಡನೇ ಸಹಿ ಹಾಕುತ್ತಿದ್ದೆ. ಯಾರಿಗೂ ಏನೂ ಆಗಿರಲಿಲ್ಲ.

ಈ ಸಲದ ಪಟ್ಟಿಯಲ್ಲಿ ಹನ್ನೊಂದು ಜನರಿದ್ದರು. ಅವರಲ್ಲೊಬ್ಬಳು ಬಸ್ ನಿಲ್ದಾಣದ ಹಿಂದೆ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದವಳು, ಒಂಬತ್ತು ವರ್ಷದಲ್ಲಿ ಒಂದು ದಿನವೂ ತಪ್ಪಿಸಿದವಳಲ್ಲ. ಮಗಳ ಹೆರಿಗೆಗೆಂದು ದೂರ ಹೋಗಿದ್ದಳು, ಫೋನ್ ಹತ್ತುತ್ತಿರಲಿಲ್ಲ. ಅಕ್ಕ ನಿಟ್ಟುಸಿರು ಬಿಟ್ಟು, ಮೂರು ಗಂಟೆ ದಾರಿಯ ಒಂದು ಊರಿನ ಕೇಂದ್ರಕ್ಕೆ ಅವಳನ್ನು ಕಳಿಸಿಬಿಟ್ಟಳು, ಕಾಗದದ ಮೇಲೆ. ನಾನು ಸಹಿ ಹಾಕಿದೆ.

ಆರನೇ ದಿನ ದೂರದೇಶದ ಸರ್ಕಾರ ನೆರವು ನಿಲ್ಲಿಸಿತು. ಯಾಕೆ, ಏನು, ಒಂದು ಮಾತಿಲ್ಲ. ಕಂಪ್ಯೂಟರಿನಲ್ಲಿ ಪಟ್ಟಿ ಕಾಣುತ್ತಿತ್ತು, ಆದರೆ ಒಂದಕ್ಷರ ತಿದ್ದುವ ಹಾಗಿರಲಿಲ್ಲ. ಕೊನೆಯ ಸಲವೆಂದು ಮಾತ್ರೆ ಬಂದವು: ಆರು ತಿಂಗಳ ಕಟ್ಟು, ಒಂದೊಂದರ ಮೇಲೂ ಒಬ್ಬೊಬ್ಬ ರೋಗಿಯ ನಂಬರ್, ನಮ್ಮ ಕೊನೆಯ ವರದಿಯ ಪ್ರಕಾರ. ಹಂಚುವುದನ್ನು ನೋಡಿ ಉಳಿದದ್ದನ್ನು ಕಟ್ಟಿಕೊಂಡು ಹೋಗಲು ನೆರವಿನ ಏಜೆನ್ಸಿಯ ಮನುಷ್ಯನೊಬ್ಬ ನನ್ನ ಪಕ್ಕದಲ್ಲೇ ಕೂತ.

ಹೊಲಿಗೆಯವಳು ಬಂದದ್ದು ಹಂಚಿಕೆಯ ಕೊನೆಯ ದಿನ, ಮಗಳಿಗೆ ಹೆಣ್ಣು ಹುಟ್ಟಿತೆಂದು ಕಿಟಕಿಯಿಂದಲೇ ಕೂಗುತ್ತಾ. ಎರಡು ತಿಂಗಳ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗಿ ಮೂರೂವರೆ ತಿಂಗಳಿಗೆ ಎಳೆದಿದ್ದಳು. ಅಯ್ಯೋ ಪೆದ್ದೀ ಎಂದು ಬೈಯಲು ಬಾಯಿ ತೆರೆದೆ. ಅಕ್ಕನ ಮುಖ ನೋಡಿ ಮುಚ್ಚಿಕೊಂಡೆ.

ಮೇಜಿನ ಮೇಲೆ ನಾಲ್ಕು ಕಟ್ಟು ಉಳಿದಿದ್ದವು, ಅವಳ ನಂಬರಿನದು ಒಂದೂ ಇರಲಿಲ್ಲ. ಅದರಲ್ಲಿ ಎರಡರ ನಂಬರಿನವರು ವರದಿ ಹೋದ ಮೇಲೆ ಸತ್ತೇ ಹೋಗಿದ್ದರು.

"ಸರ್, ಅದ್ರಲ್ಲಿ ಒಂದು ಕೊಡಿ, ನಿಮ್ಮ ದಮ್ಮಯ್ಯ. ಅದೇ ಮಾತ್ರೆ, ಅದೇ ಕಾಯ್ಲೆ" ಎಂದಳು ಅಕ್ಕ.

"ನಂಬರ್ ಬೇರೆ ಅಮ್ಮ. ಇವರು ಇಲ್ಲಿಲ್ಲ ಅಂತ ಬರ್ದಿದ್ದು ನೀವೇ ಅಲ್ವಾ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಾಲ್ಕನ್ನೂ ಚೀಲಕ್ಕೆ ಹಾಕಿಕೊಂಡ. ನಾನು ಗಂಡಸು ಅನ್ನಿಸಿಕೊಂಡವನು, ಆ ಚೀಲಕ್ಕೆ ಕೈ ಹಾಕಿ ಕಿತ್ತುಕೊಳ್ಳಬಹುದಿತ್ತು. ಕೂತೇ ಇದ್ದೆ.

ಅಕ್ಕ ಅವಳನ್ನು ಪಕ್ಕದ ಕೋಣೆಗೆ ಕರೆದೊಯ್ದು ಮಾಡಿದ್ದೆಲ್ಲ ಒಪ್ಪಿಕೊಂಡಳು. ಎರಡನೇ ಸಹಿಯ ಮಾತು ಎತ್ತಲಿಲ್ಲ, ಬಾಗಿಲಲ್ಲಿ ನಿಂತಿದ್ದ ನಾನೂ ಎತ್ತಲಿಲ್ಲ. ಹೊಲಿಗೆಯವಳು, "ಹಂಗಾದ್ರೆ ಆ ಊರಲ್ಲಿ ನನ್ನ ಕಟ್ಟು ಇರ್ಬಹುದಲ್ವಾ ಅಕ್ಕಾ?" ಎಂದು ಕೇಳಿದಳು. ಮರುದಿನ ಇಬ್ಬರೂ ಬಸ್ಸು ಹತ್ತಿದರು. ಅಲ್ಲಿಯ ಕೇಂದ್ರಕ್ಕೆ ಬೀಗ ಬಿದ್ದಿತ್ತು.

ಆ ವಾರವೇ ಅಕ್ಕನ ಕೆಲಸ ಹೋಯಿತು. ಕಂಪ್ಯೂಟರ್, ಕುರ್ಚಿ, ಎಲ್ಲ ಹೊತ್ತುಕೊಂಡು ಹೋದರು. ನಾನು ನಮ್ಮ ಸರ್ಕಾರದ ನೌಕರ, ಉಳಿದುಕೊಂಡೆ. ನಮ್ಮ ಸರ್ಕಾರವೇ ಮಾತ್ರೆ ತರಿಸುತ್ತದೆ ಎಂದರು. ಇಂದು, ನಾಳೆ ಎನ್ನುತ್ತಾ ಐದು ತಿಂಗಳಾಯಿತು. ಅಕ್ಕ ಸಿಕ್ಕಸಿಕ್ಕವರ ಕಾಲು ಹಿಡಿದು ಒಂದೆರಡು ತಿಂಗಳಿಗಾಗುವಷ್ಟು ಹೊಂದಿಸಿದಳು. ಉಳಿದ ತಿಂಗಳುಗಳಿಗೆ ಏನೂ ಸಿಗಲಿಲ್ಲ. ಹೊಲಿಗೆಯವಳಿಗೆ ಮೊದಲು ಕೆಮ್ಮು, ಆಮೇಲೆ ಜ್ವರ, ಆಮೇಲೆ ನಮ್ಮದೇ ಕಟ್ಟಡದ ಮಹಡಿಯ ವಾರ್ಡು. ಅಕ್ಕ ದಿನವೂ ಬಂದು ಅವಳ ಕಾಲು ಒತ್ತುತ್ತಾ ಕೂರುತ್ತಿದ್ದಳು.

ಒಂದು ಮಧ್ಯಾಹ್ನ ಸರ್ಕಾರದ ಹೊಸ ಗುಮಾಸ್ತ ಹಾಸಿಗೆಯಿಂದ ಹಾಸಿಗೆಗೆ ಫಾರಂ ತುಂಬಿಸಿಕೊಳ್ಳುತ್ತಾ ಬಂದ. ನಾನೂ ಅಲ್ಲಿದ್ದೆ.

"ಮೊದ್ಲು ಎಲ್ಲಿ ತೋರಿಸ್ತಿದ್ರಿ? ಮಾತ್ರೆ ಯಾಕೆ ಬಿಟ್ರಿ?"

ಅಕ್ಕ ಎದ್ದು ನಿಂತಳು. ಅವಳು ಬಾಯಿ ತೆರೆಯುವುದರೊಳಗೆ ಹೊಲಿಗೆಯವಳು ದಿಂಬಿನಿಂದ ತಲೆ ಎತ್ತಿದಳು.

"ಬೇರೆ ಕಡೆ ಇದ್ದೆ ಸರ್. ನಾನಾಗೇ ಹೋಗಿದ್ದೆ. ಇಲ್ಲಿಯವರದ್ದು ಏನೂ ತಪ್ಪಿಲ್ಲ."

"ಸುಳ್ಳು! ಬರ್ಕೋಬೇಡಿ ಅದನ್ನ" ಎಂದು ಅಕ್ಕ ಅವನ ಕೈ ಹಿಡಿದುಕೊಂಡಳು. "ಇವಳು ಎಲ್ಲೂ ಹೋಗಿಲ್ಲ, ಒಂಬತ್ತು ವರ್ಷ ಇಲ್ಲೇ ಇದ್ಲು."

"ನೀವು ಯಾರಮ್ಮ ಇವರಿಗೆ?"

ಅಕ್ಕ ಹಿಡಿದ ಕೈ ಬಿಡಲಿಲ್ಲ. ಅವನು ಕೈ ಬಿಡಿಸಿಕೊಂಡು, ರೋಗಿ ಹೇಳಿದ್ದನ್ನೇ ಬರೆದುಕೊಂಡು ಮುಂದಿನ ಹಾಸಿಗೆಗೆ ಹೋದ. ನಾಲ್ಕನೇ ದಿನ ಹೊಲಿಗೆಯವಳು ತೀರಿಕೊಂಡಳು, ಕಾಗದದಲ್ಲಿ ಮೂರು ಗಂಟೆ ದಾರಿಯ ಆ ಊರಿನ ರೋಗಿಯಾಗಿ.