ಸಾಕೆ ಕುಡಿದದ್ದಕ್ಕೆ ತಪ್ಪು ಕಾಣಿಕೆ

ಮೊದಲೇ ಹೇಳಿಬಿಡುತ್ತೇನೆ: ನಾನು ಕುಡಿದೆ. ಹಾಡುಹಗಲಲ್ಲಿ, ಒಳ್ಳೆಯ ಸೀರೆ ಉಟ್ಟು, ಕುರ್ಚಿಯಲ್ಲಿ ನೆಟ್ಟಗೆ ಕೂತು ಕುಡಿದೆ. ಯಾರೋ ಒತ್ತಾಯ ಮಾಡಿದರು, ಜ್ಯೂಸ್ ಅಂದುಕೊಂಡೆ, ಒಂದೇ ಗುಟುಕು ತಾನೇ ಎಂಬ ಸಬೂಬುಗಳು ನನ್ನಲ್ಲಿಲ್ಲ. ಒತ್ತಾಯ ಮಾಡಿದ್ದರೆ ಖಂಡಿತ ಕುಡಿಯುತ್ತಿರಲಿಲ್ಲ. ನನ್ನ ಸ್ವಭಾವ ಬಲ್ಲವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕತಾರಿಗೆ ಮದುವೆಯಾಗಿ ಬಂದವಳು ನಾನು. ಗಂಡ ಮೆಸಯೀದಿನ ಕಾರ್ಖಾನೆಯಲ್ಲಿ ಟೆಕ್ನೀಶಿಯನ್. ಬೆಳಕು ಹರಿಯುವ ಮೊದಲೇ ಕಂಪನಿ ಬಸ್ಸು ಹತ್ತುತ್ತಾರೆ. ನಾನು ಒಂದು ಟ್ರೇಡಿಂಗ್ ಕಂಪನಿಯ ಆಫೀಸಿನಲ್ಲಿದ್ದೇನೆ. ಅಲ್ ಮುಂತಜಾದ ಹಳೇ ಕಟ್ಟಡವೊಂದರಲ್ಲಿ ಮನೆ. ಮನೆ ಬಾಡಿಗೆಯದು, ಕೆಲಸ ಇನ್ಯಾರದೋ, ವೀಸಾ ಇನ್ಯಾರದೋ. ನನ್ನದು ಅಂತ ಈ ದೇಶದಲ್ಲಿ ಇದ್ದದ್ದು ಒಂದೇ, ಶುಕ್ರವಾರದ ಭಜನೆಯಲ್ಲಿ ಮೊದಲ ಸಾಲು ಹೇಳುವ ಜಾಗ. ಪ್ರತಿ ವಾರ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತೇವೆ, ಕಿಟಕಿ ಮುಚ್ಚಿ, ಅಕ್ಕಪಕ್ಕದವರಿಗೆ ತೊಂದರೆಯಾಗದಷ್ಟು ದನಿಯಲ್ಲಿ ಹಾಡುತ್ತೇವೆ. ನಾನು ಒಂದು ಸಾಲು ಹೇಳುತ್ತೇನೆ, ಉಳಿದವರು ಅದನ್ನೇ ತಿರುಗಿ ಹೇಳುತ್ತಾರೆ. ಇಡೀ ವಾರ ಎಲ್ಲರ ಮಾತಿಗೆ ಯೆಸ್ ಸರ್ ಅನ್ನುವ ನನ್ನ ಬಾಯಿಗೆ ಆ ಒಂದು ಸಂಜೆ ಇಪ್ಪತ್ತು ಜನ ಉತ್ತರ ಕೊಡುತ್ತಾರೆ. ಅದರ ಸುಖ ಅನುಭವಿಸಿದವರಿಗೇ ಗೊತ್ತು.

ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಫಿಲಿಪಿನೋ ಗೆಳತಿ ಕೆಲಸ ಬಿಟ್ಟು ಊರಿಗೆ ಹೊರಟಿದ್ದಳು. ಹೋಗುವ ಮೊದಲು ನನ್ನನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಬೇಕೆಂದು ಅವಳಿಗೆ ಆಸೆ. ಬಿರಿಯಾನಿಯೋ ಐಸ್‌ಕ್ರೀಮೋ ಇರಬಹುದು ಎಂದುಕೊಂಡು ಶನಿವಾರ ಮಧ್ಯಾಹ್ನ ಅವಳ ಜೊತೆ ಹೊರಟೆ. ಟ್ಯಾಕ್ಸಿ ನಿಂತದ್ದು ವೆಸ್ಟ್ ಬೇಯ ಒಂದು ದೊಡ್ಡ ಹೋಟೆಲಿನ ಮುಂದೆ. ಒಳಗೆ ಜಪಾನೀ ರೆಸ್ಟೋರೆಂಟಿನ ಮಗ್ಗುಲಲ್ಲಿ ಒಂದು ಪುಟ್ಟ ಅಂಗಡಿ. ಬಾಗಿಲಲ್ಲಿ ಐಡಿ ಕಾರ್ಡ್ ತೋರಿಸಿ ಒಳಗೆ ಹೋದೆವು. ಗೋಡೆಯುದ್ದಕ್ಕೂ ಗಾಜಿನ ಫ್ರಿಜ್ಜುಗಳು, ಅವುಗಳಲ್ಲಿ ಬಾಟಲಿಗಳು, ಬಾಟಲಿಗಳ ಮೇಲೆ ಕುಂಚದಲ್ಲಿ ಬರೆದ ದಪ್ಪ ಅಕ್ಷರಗಳು. ಅಲ್ಲಿ ಸಾಕೆ ಬಿಟ್ಟು ಬೇರೇನೂ ಮಾರುವುದಿಲ್ಲ. ಸಾಕೆ ಅಂದರೆ ಅಕ್ಕಿಯಿಂದ ಮಾಡಿದ ಮದ್ಯ ಎಂದು ಗೆಳತಿ ಹೇಳಿ, ನನ್ನ ಮುಖ ನೋಡಿ, "ನಿನಗೆ ಪಕ್ಕದ ರೆಸ್ಟೋರೆಂಟಿನಿಂದ ಗ್ರೀನ್ ಟೀ ತರಿಸಲಾ?" ಎಂದು ಕೇಳಿದಳು. ಅವಳು ಹಾಗೆ ಕೇಳಿದ್ದೇ ನನ್ನನ್ನು ಕೆರಳಿಸಿತು. ನನಗೂ ಅದೇ ಬೇಕು ಎಂದೆ.

ಅವಳಿಗೆ ಗೊತ್ತಿರಲಿಲ್ಲ, ನಾನು ಕಳ್ಳಿನ ಮನೆಯಲ್ಲಿ ಹುಟ್ಟಿದವಳು. ಅಪ್ಪನದು ಮೂರ್ತೆಯ ಕೆಲಸ. ದಿನಕ್ಕೆರಡು ಹೊತ್ತು ತೆಂಗಿನ ಮರ ಹತ್ತಿ ಕಳ್ಳು ಇಳಿಸುತ್ತಿದ್ದರು. ಮನೆಯ ಎದುರಿಗೇ ನಮ್ಮ ಗಡಂಗು, ಕಳ್ಳಿನ ಅಂಗಡಿ. ಮಡಕೆಗೆ ಬಂದ ಕಳ್ಳನ್ನು ಅಮ್ಮ ಮೊದಲು ಮೂಸಿ ನೋಡಬೇಕು, ಅಂಗೈಗೆ ಸುರಿದುಕೊಂಡು ನೆಕ್ಕಿ ನೋಡಬೇಕು, ಆಮೇಲೆಯೇ ಮಾರಾಟ. ಯಾವುದು ಸಿಹಿ, ಯಾವುದು ಸಂಜೆಯೊಳಗೆ ಹುಳಿಯಾಗುತ್ತದೆ ಎಂದು ಅವಳೇ ಹೇಳಬೇಕು. ಆದರೆ ಅವಳು ಒಂದು ಲೋಟ ತುಂಬಿಸಿಕೊಂಡು ಕೂತು ಕುಡಿದದ್ದನ್ನು ನಾನು ನೋಡಿಲ್ಲ. ರುಚಿ ನೋಡುವುದು ಹೆಂಗಸಿನ ಕೆಲಸ, ಕುಡಿಯುವುದು ಗಂಡಸಿನ ಹಕ್ಕು ಎಂದು ಯಾರು ತೀರ್ಮಾನ ಮಾಡಿದ್ದೋ, ನನ್ನನ್ನಂತೂ ಕೇಳಿ ಮಾಡಿದ್ದಲ್ಲ.

ಅಂಗಡಿಯಾತ ನೀಲಿ ಏಪ್ರನ್ ಕಟ್ಟಿದ, ನಡುವಯಸ್ಸಿನ ಜಪಾನಿನವನು. ಮೊದಲು ಎರಡು ಬಟ್ಟಲು ತಂದು ನಮ್ಮ ಮುಂದಿಟ್ಟ. ಒಂದರಲ್ಲಿ ಮಾಮೂಲಿ ಅಕ್ಕಿ, ಇನ್ನೊಂದರಲ್ಲಿ ಸಾಬಕ್ಕಿಯ ಹಾಗೆ ಗುಂಡಗಿನ ಬಿಳಿ ಕಾಳು. ಎರಡೂ ಒಂದೇ ಅಕ್ಕಿಯಂತೆ. ಒಳ್ಳೆಯ ಸಾಕೆ ಬೇಕಾದರೆ ಅಕ್ಕಿಯನ್ನು ಅರ್ಧಕ್ಕರ್ಧ ಉಜ್ಜಿ, ನಡುವಿನ ತಿರುಳನ್ನು ಮಾತ್ರ ಉಳಿಸಿಕೊಳ್ಳುತ್ತಾರಂತೆ. ನನಗೆ ನಗು ತಡೆಯಲಾಗಲಿಲ್ಲ. ಕೆಂಪು ಕುಚ್ಚಲಕ್ಕಿಯ ಮೇಲಿನ ಸಿಪ್ಪೆ ಸ್ವಲ್ಪ ಹೆಚ್ಚು ಹೋದರೆ "ಇದೆಂತ ಅಕ್ಕಿ ಮಾರಾಯ್ತಿ, ರುಚಿಯೇ ಇಲ್ಲ" ಎಂದು ತಟ್ಟೆ ಸರಿಸುವ ಗಂಡನ ಜೊತೆ ಬಾಳುವವಳು ನಾನು.

ಮೊದಲ ಸಾಕೆ ತಣ್ಣಗಿತ್ತು. ಬಿಳಿ ಪಿಂಗಾಣಿಯ ಪುಟ್ಟ ಬಟ್ಟಲು, ಅದರ ತಳದಲ್ಲಿ ಎರಡು ನೀಲಿ ವೃತ್ತ. ಸಾಕೆ ಎಷ್ಟು ತಿಳಿಯಾಗಿದೆ ಎಂಬುದನ್ನು ಆ ನೀಲಿಯ ಮೇಲೆ ನೋಡಬೇಕಂತೆ. ನಾನು ಬಟ್ಟಲು ಕೈಗೆತ್ತಿಕೊಂಡೆ. ಆಮೇಲೆ ಮಾಡಿದ್ದನ್ನು ಯೋಚಿಸಿ ಮಾಡಿದ್ದಲ್ಲ. ಉಂಗುರದ ಬೆರಳನ್ನು ಅದರಲ್ಲಿ ಅದ್ದಿ, ನೆಲದ ಕಡೆಗೆ ಮೂರು ಸಲ ಹನಿ ಚಿಮುಕಿಸಿದೆ. ನಮ್ಮ ಗಡಂಗಿನಲ್ಲಿ ಅಪ್ಪ, ಅಪ್ಪನ ಗಿರಾಕಿಗಳು, ಯಾರೇ ಆಗಲಿ, ಹಾಗೆ ಮಾಡದೆ ಬಾಯಿಗೆ ಇಡುತ್ತಿರಲಿಲ್ಲ. ದೈವಗಳಿಗೆ ಮತ್ತು ಹೋದ ಹಿರಿಯರಿಗೆ ಮೊದಲ ಹನಿ. ಮದ್ಯ ಕುಡಿಯಲು ಕೂತವಳ ಕೈ ತಾನಾಗಿಯೇ ಅದನ್ನು ಮಾಡಿತು.

ಅಂಗಡಿಯಾತ ಗಾಬರಿಯಾದ. ಬಟ್ಟಲಿನಲ್ಲಿ ಕಸವೋ ಹುಳವೋ ಬಿದ್ದಿದೆ, ನಾನು ಅದನ್ನು ಬೆರಳಲ್ಲಿ ತೆಗೆದೆಸೆದೆ ಎಂದುಕೊಂಡಿದ್ದ. ಸೊಂಟ ಬಗ್ಗಿಸಿ ಕ್ಷಮೆ ಕೇಳಿ, ಬಟ್ಟಲನ್ನು ಕಸಿದುಕೊಂಡವನ ಹಾಗೆ ಒಳಗೆ ಒಯ್ದು, ಬೇರೆಯದರಲ್ಲಿ ಹೊಸದಾಗಿ ಸುರಿದು ತಂದ. ಹೊಸ ಬಟ್ಟಲಾಯಿತಲ್ಲ, ನಾನು ಮತ್ತೆ ಬೆರಳು ಅದ್ದಿದೆ. ಅವನ ಮುಖ ಬಿಳುಚಿಕೊಂಡಿತು. ಗೆಳತಿ ಹೊಟ್ಟೆ ಹಿಡಿದುಕೊಂಡು ನಗುತ್ತಾ ಫೋನಿನಲ್ಲಿ ಎಲ್ಲವನ್ನೂ ವಿಡಿಯೋ ಮಾಡುತ್ತಿದ್ದಳು. ಕೊನೆಗೆ ನನಗೆ ಬಂದ ಇಂಗ್ಲಿಷಿನಲ್ಲಿ, ಕಸ ಅಲ್ಲ, ದೇವರಿಗೆ, ಸತ್ತ ಅಪ್ಪನಿಗೆ ಎಂದು ಬಿಡಿಸಿ ಹೇಳಿದೆ. ಅವನಿಗೆ ಹೋದ ಜೀವ ಬಂತು. ತಮ್ಮಲ್ಲೂ ಹೊಸ ಸಾಕೆಯನ್ನು ಮೊದಲು ದೇವರ ಮುಂದೆ ಇಡುತ್ತಾರೆ ಎಂದ.

ಇನ್ನು ರುಚಿಯ ವಿಷಯ. ಅದನ್ನು ಹೇಳದೆ ಬಿಟ್ಟರೆ ಕುಡಿದದ್ದು ದಂಡ. ಮೊದಲನೆಯದು, ಅರ್ಧಕ್ಕರ್ಧ ಉಜ್ಜಿದ ಅಕ್ಕಿಯದು, ಮೂಗಿನ ಹತ್ತಿರ ತಂದ ಕೂಡಲೇ ಹಣ್ಣಿನ ಪರಿಮಳ. ಪೇರ್ ಹಣ್ಣು, ಕರಬೂಜ ಎಂದು ಅವನು ಹೇಳಿಕೊಟ್ಟ. ನನಗೆ ಬಂದದ್ದು ಚೆನ್ನಾಗಿ ಕಳಿತ ಕದಳಿ ಬಾಳೆಹಣ್ಣಿನ ವಾಸನೆ. ಹಾಗೆಂದೆ. ಅವನು ಇನ್ನೊಮ್ಮೆ ತಾನೇ ಮೂಸಿ ನೋಡಿ, ಬಾಳೆಹಣ್ಣೂ ಹೌದು ಎಂದ. ನಾಲಿಗೆಯ ಮೇಲೆ ಅದು ನಿಲ್ಲುವುದೇ ಇಲ್ಲ, ನೀರಿನ ಹಾಗೆ ಜಾರಿ ಹೋಗಿ, ಆಮೇಲೆ ಗಂಟಲಲ್ಲಿ ಸಣ್ಣಗೆ ಬೆಚ್ಚಗಾಗುತ್ತದೆ. ಎರಡನೆಯದು ಗಂಜಿಯ ಹಾಗೆ ಬೆಳ್ಳಗೆ, ಸೋಸದೆ ಬಿಟ್ಟದ್ದು, ಸಿಹಿ. ನೋಡಲು ಥೇಟ್ ನಮ್ಮ ಕಳ್ಳೇ. ಅದನ್ನು ಕುಡಿಯುವಾಗ ಅಮ್ಮನ ನೆನಪಾಗಿ ಕಣ್ಣು ತುಂಬಿತು, ಅದನ್ನೂ ಮುಚ್ಚಿಡುವುದಿಲ್ಲ. ಮೂರನೆಯದನ್ನು ಬಿಸಿ ಮಾಡಿ ತಂದ. ಅಷ್ಟೇನೂ ಉಜ್ಜದ ಅಕ್ಕಿಯದು, ಹಳೇ ಪದ್ಧತಿಯದು, ಸ್ವಲ್ಪ ಹುಳಿ, ಹಿಂದಿನ ದಿನದ ಅನ್ನಕ್ಕೆ ನೀರು ಹಾಕಿಟ್ಟರೆ ಬರುವ ಪರಿಮಳ. ಎಲ್ಲಕ್ಕಿಂತ ನನಗೆ ಅದೇ ಹಿಡಿಸಿತು. ಗುಟುಕು ಗುಟುಕಾಗಿ ಕುಡಿದೆ, ಬಾಯಲ್ಲಿ ಇಟ್ಟುಕೊಂಡು ಕುಡಿದೆ, ಬಟ್ಟಲು ಖಾಲಿಯಾದಾಗ ಇನ್ನೊಂದು ಕೇಳಿ ಕುಡಿದೆ. ಕಾಲು ತಪ್ಪಲಿಲ್ಲ, ಮಾತು ತೊದಲಲಿಲ್ಲ. ಇಷ್ಟು ರುಚಿಯಾದ ವಸ್ತುವನ್ನು ಇಷ್ಟು ವರ್ಷ ಯಾರ ಹೆದರಿಕೆಗೆ ಬಿಟ್ಟುಕೊಟ್ಟಿದ್ದೆ ಎಂದು ಸಿಟ್ಟು ಮಾತ್ರ ಬಂತು.

ಗೆಳತಿ ಆ ವಿಡಿಯೋವನ್ನು ಸ್ಟೇಟಸ್ಸಿಗೆ ಹಾಕಿದಳು. ಅದನ್ನು ನೋಡುವವರಲ್ಲಿ ನಮ್ಮ ಆಫೀಸಿನಲ್ಲೇ ಕೆಲಸ ಮಾಡುವ, ಭಜನೆಯ ಗುಂಪಿನ ಒಬ್ಬರೂ ಇದ್ದರು. ಮರುದಿನ ನಾನು ಆಫೀಸಿನಿಂದ ಬರುವಷ್ಟರಲ್ಲಿ ಅದು ಇಂಡಸ್ಟ್ರಿಯಲ್ ಏರಿಯಾದವರೆಗೆ ಹೋಗಿ ಬಂದಿತ್ತು. ಗಂಡ ಬಸ್ಸಿಳಿದು ಬಂದವರು ಶೂ ಕೂಡ ಬಿಚ್ಚಲಿಲ್ಲ.

"ಎಂತ ಮಾರಾಯ್ತಿ ಇದು? ಬಸ್ಸಲ್ಲಿ ಎಲ್ಲರೂ ನನ್ನನ್ನೇ ನೋಡ್ತಾರೆ. ಗ್ರೂಪಿಗೆ ಸಾರಿ ಅಂತ ಒಂದು ಮೆಸೇಜ್ ಹಾಕಿಬಿಡು, ಖಲಾಸ್."

"ನೀವು ಗುರುವಾರ ಬಿಯರ್ ಕುಡಿದು ಬರ್ತೀರಲ್ಲ, ನೀವು ಯಾವ ಗ್ರೂಪಿಗೆ ಹಾಕಿದ್ದೀರಿ?" ಎಂದು ಕೇಳಿದೆ. ಅವರು ಸ್ನಾನಕ್ಕೆ ಹೋದರು.

ಬುಧವಾರ ಸಂಜೆ ಇಬ್ಬರು ಮನೆಗೆ ಬಂದರು. ಒಬ್ಬರು ನಮ್ಮ ಗುಂಪಿನ ಹಿರಿಯಕ್ಕ. ಭಜನೆ ಯಾವ ವಾರ ಯಾರ ಮನೆಯಲ್ಲಿ ಎಂದು ನಿರ್ಧರಿಸುವವರು ಅವರೇ. ಜೊತೆಗೆ ಹೊಸದಾಗಿ ಮದುವೆಯಾಗಿ ಬಂದ ಹುಡುಗಿ, ನನ್ನನ್ನು ಆಂಟಿ ಎಂದು ಕರೆಯುವವಳು. ಚಹಾ ಕೊಟ್ಟೆ. ಹಿರಿಯಕ್ಕ ಕಪ್ಪನ್ನು ಮುಟ್ಟಲಿಲ್ಲ.

"ನೀನು ಕುಡಿದದ್ದು ಒಂದು. ಅದರ ಮೇಲೆ ಆ ಹೋಟೆಲಿನ ಶರಾಬನ್ನು ದೈವಕ್ಕೆ ಅಂತ ನೆಲಕ್ಕೆ ಹಾಕಿದ್ದೀಯಲ್ಲ, ಅದು ದೊಡ್ಡ ತಪ್ಪು."

"ಊರಲ್ಲಿ ದೈವಕ್ಕೆ ಕಳ್ಳು ಬಡಿಸುವುದಿಲ್ಲವಾ ಅಕ್ಕ?"

"ಅದನ್ನು ಬಡಿಸುವವರು ಬೇರೆ ಉಂಟು. ಹೆಂಗಸರಲ್ಲ. ನೋಡು, ನಮಗೆ ನಿನ್ನ ಮೇಲೆ ಕೋಪ ಇಲ್ಲ. ಶುಕ್ರವಾರ ದೇವರ ಮುಂದೆ ತಪ್ಪು ಕಾಣಿಕೆ ಹಾಕಿಬಿಡು. ಮತ್ತೆ ಮೊದಲಿನ ಹಾಗೆ ನೀನೇ ಹಾಡು. ಇಲ್ಲದಿದ್ದರೆ ನಾವು ಬೇರೆಯವರಿಗೆ ಹೇಳಬೇಕಾಗ್ತದೆ."

ನಮ್ಮ ಕಡೆ ತಿಳಿದೋ ತಿಳಿಯದೆಯೋ ತಪ್ಪು ಮಾಡಿದವರು ದೇವರ ಮುಂದೆ ಒಂದು ನಾಣ್ಯ ಇಟ್ಟು ಕೈಮುಗಿಯುತ್ತಾರೆ, ಅದೇ ತಪ್ಪು ಕಾಣಿಕೆ. ನಾನೂ ಹಿಂದೆ ಹಾಕಿದ್ದೇನೆ, ಹೊತ್ತ ಹರಕೆ ಮರೆತದ್ದಕ್ಕೆ. ನಾಣ್ಯ ದೊಡ್ಡದಲ್ಲ. ಹಾಕಿದರೆ ಮಾಡಿದ್ದು ತಪ್ಪು ಎಂದು ನಾನೇ ಒಪ್ಪಿದ ಹಾಗೆ, ಅಷ್ಟೇ. ಅಪ್ಪನಿಗೆ ಕೊಟ್ಟ ಮೂರು ಹನಿಯನ್ನು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ಶುಕ್ರವಾರ ಬರುತ್ತೇನೆ, ಕಾಣಿಕೆ ಹಾಕುವುದಿಲ್ಲ ಎಂದೆ. ಹಿರಿಯಕ್ಕ ಎದ್ದು ಲಿಫ್ಟಿನ ಕಡೆ ನಡೆದರು. ಹಿಂದೆ ಉಳಿದ ಹುಡುಗಿ ಚಪ್ಪಲಿ ಮೆಟ್ಟಿಕೊಳ್ಳುತ್ತಾ ನನ್ನ ಕಿವಿಯ ಹತ್ತಿರ ಬಂದು, "ಆಂಟಿ, ಹೇಗಿತ್ತು ಅದು?" ಎಂದು ಕೇಳಿದಳು. ಬಿಸಿಯದು ಚೆನ್ನಾಗಿತ್ತು ಎಂದೆ.

ಧೈರ್ಯ ಹೇಳಿದಷ್ಟು ಸುಲಭವಿರಲಿಲ್ಲ. ಗುರುವಾರ ಅಡುಗೆ ಮಾಡುವಾಗ ಎರಡು ಸಲ ಅತ್ತುಬಿಟ್ಟೆ. ಆ ಜಾಗ ಹೋದರೆ ನನಗೆ ಇಲ್ಲಿ ಏನಿದೆ ಎಂದು ಯೋಚಿಸಿದೆ. ಗಂಡ ಅಂದು ಬಿಯರಿಗೆ ಹೋಗದೆ ಮನೆಯಲ್ಲೇ ಕೂತು, ಟಿವಿ ನೋಡುವವರ ಹಾಗೆ ನನ್ನನ್ನು ನೋಡುತ್ತಿದ್ದರು.

ಶುಕ್ರವಾರದ ಮನೆಯಲ್ಲಿ ಎಂದಿನಂತೆ ಚಾಪೆ ಹಾಸಿ ದೀಪ ಹಚ್ಚಿದ್ದರು. ಒಂದು ಕಡೆ ಹೆಂಗಸರು, ಇನ್ನೊಂದು ಕಡೆ ಗಂಡಸರು. ದೇವರ ಪಟದ ಮುಂದೆ ಒಂದು ಹರಿವಾಣ, ಅದರಲ್ಲಿ ಒಂದು ವೀಳ್ಯದೆಲೆ. ಅದು ಯಾಕೆ ಅಲ್ಲಿದೆ ಎಂದು ಎಲ್ಲರಿಗೂ ಗೊತ್ತಿತ್ತು. ನಾನು ನನ್ನ ಜಾಗದಲ್ಲಿ ಕೂತೆ. ಹಿರಿಯಕ್ಕ ಹರಿವಾಣವನ್ನು ಎರಡು ಕೈಯಲ್ಲಿ ಎತ್ತಿ ತಂದು ನನ್ನ ಮುಂದಿಟ್ಟರು.

"ಒಂದು ರಿಯಾಲ್ ಹಾಕು, ಸಾಕು. ಹಾಡು ಶುರು ಮಾಡುವ."

ನಾನು ಹರಿವಾಣವನ್ನು ಕಣ್ಣಿಗೊತ್ತಿಕೊಂಡು ಗಂಡಸರ ಸಾಲಿನ ಕಡೆಗೆ ಸರಿಸಿದೆ. "ಕುಡಿದದ್ದಕ್ಕೆ ಕಾಣಿಕೆಯಾದರೆ ಅಲ್ಲಿಂದ ಶುರುವಾಗಲಿ ಅಕ್ಕ. ಅವರೆಲ್ಲ ಹಾಕಿ ಮುಗಿದ ಮೇಲೆ ನನ್ನದು."

ಗಂಡಸರು ತಮ್ಮ ತಮ್ಮ ಮೊಣಕಾಲು ನೋಡಿಕೊಂಡರು. ಒಬ್ಬರು ಕೆಮ್ಮಿದರು. "ಗಂಡಸರ ವಿಷಯ ಬೇರೆ" ಎಂದರು ಹಿರಿಯಕ್ಕ. ಹೇಗೆ ಬೇರೆ ಎಂದು ಕೇಳಿದೆ. ಅವರು ದೀಪದ ಬತ್ತಿ ಸರಿ ಮಾಡತೊಡಗಿದರು. ಹರಿವಾಣ ಎರಡು ಸಾಲಿನ ನಡುವೆ ಬಿದ್ದಿತ್ತು. ಎಷ್ಟು ಹೊತ್ತು ಕಾಯುವುದು? ತಾಳ ಕೈಗೆತ್ತಿಕೊಂಡು ಮೊದಲ ಸಾಲು ಹೇಳಿದೆ.

ತಿರುಗಿ ಯಾರೂ ಹೇಳಲಿಲ್ಲ. ನಾನು ತಾಳ ಬಿಡಲಿಲ್ಲ. ಅವರು ಹೇಳಬೇಕಾದ ಸಾಲನ್ನು ನಾನೇ ಹೇಳಿದೆ. ಎರಡನೆಯ ಸಾಲು ಹೇಳಿ, ಅದಕ್ಕೂ ನಾನೇ ಉತ್ತರ ಕೊಟ್ಟೆ. ಮೂರನೆಯ ಸಾಲಿಗೆ ಗಂಡಸರ ಕಡೆಯಿಂದ ಒಂದು ದನಿ ಎದ್ದಿತು. ಶ್ರುತಿಯಿಲ್ಲ, ತಾಳವಿಲ್ಲ, ಬೆಳಗಾದರೆ ಬಸ್ಸಿಗೆ ಹೊತ್ತಾಯಿತು ಎಂದು ಕೂಗುವ ಅದೇ ದನಿ. ನನ್ನ ಗಂಡ ಜೀವಮಾನದಲ್ಲಿ ಭಜನೆಗೆ ಬಾಯಿ ತೆರೆದವರಲ್ಲ. ಅವರ ಹಿಂದೆಯೇ ಹೆಂಗಸರ ಸಾಲಿನಿಂದ ಆ ಹುಡುಗಿ ಸೇರಿದಳು, ಆಮೇಲೆ ಇನ್ನಿಬ್ಬರು, ಆಮೇಲೆ ಯಾರು ಯಾರು ಎಂದು ನಾನು ನೋಡಲಿಲ್ಲ, ಹಾಡಬೇಕಿತ್ತಲ್ಲ. ಹಿರಿಯಕ್ಕ ಮಂಗಳದವರೆಗೂ ತುಟಿ ಬಿಚ್ಚಲಿಲ್ಲ.

ಹರಿವಾಣಕ್ಕೆ ಯಾರೂ ಏನೂ ಹಾಕಲಿಲ್ಲ. ಭಜನೆ ಮುಗಿದ ಮೇಲೆ ಮನೆಯೊಡತಿ ಅದರಿಂದ ವೀಳ್ಯದೆಲೆ ತೆಗೆದು, ಬೇರೆ ಪಾತ್ರೆ ಹುಡುಕುವುದು ಯಾಕೆಂದು ಅದರಲ್ಲೇ ಅವಲಕ್ಕಿ ಪ್ರಸಾದ ತುಂಬಿಕೊಂಡು ಹಂಚಲು ಬಂದಳು. ನಾನು ಎರಡು ಸಲ ಕೈಯೊಡ್ಡಿ ಹಾಕಿಸಿಕೊಂಡೆ.